ಎದೆಗಿಂತ ದಪ್ಪ ಕುತ್ತಿಗೆ

ನನ್ನ ತಮ್ಮನ ಕೈಗೆ ಮೊದಲ ಸಲ ಅಳತೆಯ ಟೇಪು ಕೊಟ್ಟವಳು ನಾನೇ. ಅವತ್ತು ಟೇಪಿನ ಬದಲು ಅದೇ ಕೈಗೆ ಎರಡು ಬರೆ ಎಳೆದಿದ್ದರೆ ನಾನು ಈ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಅಪ್ಪ ಸತ್ತ ಮೇಲೆ ಅವನನ್ನು ಸಾಕಿದ್ದು ನಾನು, ಮೆಷಿನ್ನಿನ ಮುಂದೆ ಕೂರಿಸಿದ್ದು ನಾನು, ಕಾಜಾ ಹಾಕಲು ಬಾರದೆ ಅಳುತ್ತಿದ್ದಾಗ ಮೂಗು ಒರೆಸಿದ್ದೂ ನಾನು. ಹಾಲೆರೆದ ಕೈಯನ್ನೇ ಕಚ್ಚುವ ಜಾತಿ ಅದು ಎಂದು ಆಗ ತಿಳಿಯಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಗೆಲ್ಲ ಗೊತ್ತು. ಇರಲಿ. ಮೂವತ್ತೆರಡು ವರ್ಷ ಗಂಡಸರ ಅಂಗಿ ಹೊಲಿದು ಬದುಕಿದ ಹೆಂಗಸು ನಯವಾಗಿ ಮಾತಾಡುತ್ತ ಕೂತಿದ್ದರೆ ಎಂದೋ ಮೂಲೆ ಸೇರುತ್ತಿದ್ದಳು. ನನ್ನ ಅಂಗಡಿ ಸಣ್ಣದು, ಎರಡು ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು. ಆ ಟೇಬಲ್ಲಿನ ಹಿಂದೆ ನನ್ನ ಮಗಳು ನಿಲ್ಲುತ್ತಿದ್ದಳು. ಎರಡು ವರ್ಷದ ಕೆಳಗೆ ಒಂದು ದಿನ ಕತ್ತರಿ ಕೆಳಗಿಟ್ಟು, ನಾಳೆಯಿಂದ ಮಾವನ ಅಂಗಡಿಗೆ ಹೋಗುತ್ತೇನೆ ಎಂದಳು. ಹೋಗು ಎಂದೆ. ಅವಳೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು, ತಿರುಗಿ ನೋಡದೆ ಹೋದಳು.

ತಮ್ಮನ ಅಂಗಡಿ ಸಂತೆಬೀದಿಯ ಮೂಲೆಯಲ್ಲಿದೆ, ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ. ಹಿಂದೆ ಒಂದು ಕೋಣೆ, ನಡುವೆ ಬರೀ ಪರದೆ. ಆ ಕೋಣೆಯನ್ನು ಅವನು ನನ್ನ ಮಗಳ ಹೆಸರಿಗೆ ಬಾಡಿಗೆಗೆ ಬರೆದುಕೊಟ್ಟಿದ್ದ. ನಿನ್ನದೇ ವರ್ಕ್‌ಶಾಪು ಅಂದುಕೋ, ನಿನ್ನ ಕೈಯಲ್ಲಿ ಕಲೆ ಇದೆ, ಅಕ್ಕನ ಹತ್ತಿರ ಇದ್ದರೆ ಕೊಳೆತುಹೋಗುತ್ತೀಯ ಎಂದನಂತೆ. ಇವಳು ಓದಿಯೂ ನೋಡದೆ ಸಹಿ ಹಾಕಿದಳು.

ಪೊಲೀಸರು ಬಂದಿದ್ದು ಒಂದು ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ. ಹಿಂದಿನ ಕೋಣೆಯಲ್ಲಿ ಟಿವಿಯಲ್ಲಿ ಪಂದ್ಯ ಓಡುತ್ತಿತ್ತು. ಆರು ಜನ ಗಂಡಸರು ಕೂತಿದ್ದರು. ಯಾಕೆ ಬಂದಿದ್ದೀರಿ ಎಂದರೆ ಅಂಗಿ ಟ್ರಯಲ್‌ಗೆ ಎಂದರಂತೆ. ಕೋಣೆಯಲ್ಲಿ ಹುಡುಕಿದರೆ ಹೊಲಿದ ಅಂಗಿ ಒಂದೂ ಇರಲಿಲ್ಲ. ನಾಲ್ಕು ಫೋನುಗಳು ಇಸ್ತ್ರಿಗೆ ಇಟ್ಟಿದ್ದ ನೀರಿನ ಬಕೆಟ್ಟಿನಲ್ಲಿ ಮುಳುಗಿದ್ದವು, ಅವುಗಳಿಂದ ಏನೂ ಹೊರಡಲಿಲ್ಲ. ಸಿಕ್ಕಿದ್ದು ಒಂದೇ ಒಂದು ಅಳತೆ ಪುಸ್ತಕ. ಅದು ನನ್ನ ಮಗಳ ಮುಂದೆ ತೆರೆದಿತ್ತು, ಪೆನ್ಸಿಲ್ಲು ಅವಳ ಬೆರಳ ಸಂದಿಯಲ್ಲೇ ಇತ್ತು. ನನ್ನ ತಮ್ಮ ಮುಂದಿನ ಅಂಗಡಿಯಲ್ಲಿ ಯಾರದೋ ಕುತ್ತಿಗೆಗೆ ಟೇಪು ಹಾಕಿ, ಬೆಣ್ಣೆ ತಿಂದ ಬೆಕ್ಕಿನ ಹಾಗೆ ನಿಂತಿದ್ದ.

ಆ ಆರು ಜನರಲ್ಲಿ ಇಬ್ಬರು ಎರಡೇ ದಿನಕ್ಕೆ ಬಾಯಿ ಬಿಟ್ಟರು. ಅದು ಬೆಟ್ಟಿಂಗ್ ಪುಸ್ತಕ. ಕುತ್ತಿಗೆ ಎಂದರೆ ಪಂದ್ಯದ ನಂಬರು, ಭುಜ ಎಂದರೆ ಯಾವ ತಂಡ, ಎದೆ ಎಂದರೆ ಎಷ್ಟು ನೂರು, ತೋಳು ಎಂದರೆ ದರ. ದರ್ಜಿ ಅಂಗಡಿಯಲ್ಲಿ ಮೇಸ್ತ್ರಿ ಅಳತೆ ತೆಗೆದು ಕೂಗುತ್ತಾನೆ, ಕೈಕೆಳಗಿನವರು ಬರೆದುಕೊಳ್ಳುತ್ತಾರೆ. ಇದು ಎಲ್ಲ ಅಂಗಡಿಯಲ್ಲೂ ಇರುವ ಪದ್ಧತಿ. ಪೊಲೀಸರ ಪ್ರಕಾರ ನನ್ನ ತಮ್ಮ ಕಿವಿಗೊಂದು ಸಣ್ಣ ಫೋನು ಸಿಕ್ಕಿಸಿಕೊಂಡು, ಅದರಲ್ಲಿ ಬಂದ ಬಾಜಿಯನ್ನು ಎದುರಿಗೆ ನಿಂತ ಗಿರಾಕಿಯ ಅಳತೆಯ ಹಾಗೆ ಪರದೆಯಾಚೆಗೆ ಕೂಗುತ್ತಿದ್ದನಂತೆ. ತುಂಬಿದ ಅಂಗಡಿಯಲ್ಲಿ, ಹಾಡಹಗಲಲ್ಲಿ, ಗಂಟಲು ಹರಿಯುವಂತೆ. ಬುದ್ಧಿಗೇನೂ ಕಡಿಮೆ ಇಲ್ಲ, ದರಿದ್ರದವನಿಗೆ.

ಆದರೆ ಅದನ್ನು ತೋರಿಸುವುದು ಹೇಗೆ? ಕೂಗಿದ ಮಾತು ಗಾಳಿಗೆ ಹೋಯಿತು, ಕಿವಿಯ ಫೋನು ಸಿಗಲೇ ಇಲ್ಲ. ಬಾಯಿ ಬಿಟ್ಟ ಇಬ್ಬರೂ ಹಿಂದಿನ ಕೋಣೆಯಲ್ಲಿ ಕೂತವರು, ಪರದೆಯಾಚೆಯ ದನಿ ಯಾರದೆಂದು ತಮಗೆ ಗೊತ್ತಿಲ್ಲ ಎಂದುಬಿಟ್ಟರು. ಅವರ ಬಾಯಿಗೆ ಯಾರು ಬೀಗ ಹಾಕಿದರೋ ಕೇಳಬೇಡಿ. ಕೋಣೆ ಮಗಳ ಹೆಸರಲ್ಲಿ, ಬರಹ ಮಗಳದು. ತಮ್ಮ ಮೊದಲನೇ ಆರೋಪಿ, ಮಗಳು ಎರಡನೆಯವಳು. ಮೊದಲನೆಯವನು ಏನು ಹೇಳಿದ ಗೊತ್ತೇ? ಹಿಂದಿನ ಕೋಣೆಯಲ್ಲಿ ಅಕ್ಕನ ಮಗಳು ಏನು ಮಾಡುತ್ತಿದ್ದಳೋ ನನಗೆ ತಿಳಿಯದು ಎಂದ.

ಮಗಳು ಹೇಳಿದ್ದು ಒಂದೇ ಮಾತು. ಮಾವ ಕೂಗಿದ್ದನ್ನು ಬರೆದೆ, ಅಳತೆ ಅಂದುಕೊಂಡು ಬರೆದೆ.

ಅವಳ ವಕೀಲ ಸದಾ ನೆಗಡಿ ಹಿಡಿದ ಸಣಕಲು ಮನುಷ್ಯ. ಆದರೆ ವಿಷಯವನ್ನು ಬಿಡಿಸಿ ಹೇಳಿದ. ಅಲ್ಲಿ ಬೆಟ್ಟಿಂಗ್ ನಡೆಯಿತು ಎನ್ನುವುದು ಸಾಬೀತಾದ ಹಾಗೇ. ಉಳಿದಿರುವುದು ಯಾರಿಗೆ ಗೊತ್ತಿತ್ತು ಎನ್ನುವುದು. ಗೊತ್ತಿದ್ದೂ ಬರೆದಿದ್ದರೆ ಅಪರಾಧಿ, ಗೊತ್ತಿಲ್ಲದೆ ಬರೆದಿದ್ದರೆ ಬರೀ ಪೆನ್ಸಿಲ್ಲು. ಅದನ್ನು ಸಾಬೀತು ಮಾಡಬೇಕಾದವರು ಸರಕಾರದವರು, ಅವರ ಹತ್ತಿರ ಅದಕ್ಕೆ ಏನೂ ಇಲ್ಲ. ಕೂಗಿದವನು ನಿಮ್ಮ ತಮ್ಮ ಎಂದು ತೋರಿಸಿಬಿಟ್ಟರೆ ನಿಮ್ಮ ಮಗಳು ಬಿಡುಗಡೆಯಾಗುತ್ತಾಳೆ. ಇಲ್ಲದಿದ್ದರೆ ಒಂದು ವರ್ಷ ಒಳಗೆ ಎಂದ.

ನಾನು ನೇರ ತಮ್ಮನ ಅಂಗಡಿಗೆ ಹೋದೆ. ಜಾಮೀನಿನ ಮೇಲೆ ಬಂದವನು ಆಗಲೇ ಬಾಗಿಲು ತೆರೆದು ಕೂತಿದ್ದ. ಹಿಂದಿನ ಕೋಣೆಗೆ ಪೊಲೀಸರ ಬೀಗ, ಮುಂದೆ ಅವನ ಹಲ್ಲು. ಒಬ್ಬ ದಪ್ಪನೆಯ ಗಿರಾಕಿಯನ್ನು ನಿಲ್ಲಿಸಿಕೊಂಡು ಅಳತೆ ತೆಗೆಯುತ್ತಿದ್ದ. ಬಾ ಅಕ್ಕಾ, ಕೂತ್ಕೋ ಎಂದ. ಅವನ ಕಟಿಂಗ್ ಟೇಬಲ್ಲಿನ ಮೇಲೆ ಹನ್ನೆರಡು ಇಂಚಿನ ಕತ್ತರಿ ಇತ್ತು. ನಾನು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ.

"ಅವಳು ಮಗು ಕಣೋ," ಎಂದೆ. "ಸತ್ಯ ಹೇಳು. ನೀನು ಕೂಗಿದೆ ಅಂತ ಹೇಳು."

ಅವನು ಗಿರಾಕಿಯ ಕಾಲರಿನೊಳಗೆ ಬೆರಳು ತೂರಿಸಿ ಟೇಪು ಸರಿಮಾಡಿದ. "ಸಹಿ ಯಾರದು ಅಕ್ಕಾ? ಬರಹ ಯಾರದು? ನಾನೇನು ಕೈ ಹಿಡಿದು ಬರೆಸಿದ್ನಾ? ಅವಳಿಗಾದ್ರೆ ವಯಸ್ಸಿದೆ, ಒಂದು ವರ್ಷ ಅಂದ್ರೆ ಏನು, ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಯ್ತು. ನನಗೆ ಶುಗರ್ ಇದೆ."

ಶುಗರ್ ಇದೆಯಂತೆ! ನಾಲಿಗೆಯ ತುದಿಯವರೆಗೆ ಬಂದ ಬೈಗುಳವನ್ನು ಹೊರಗೆ ಬಿಡಬೇಕು, ಅಷ್ಟರಲ್ಲಿ ಅವನು ಅಳತೆ ಕೂಗಿದ. ಕುತ್ತಿಗೆ ಹದಿನೇಳು, ಭುಜ ಹತ್ತೊಂಬತ್ತು, ಎದೆ ನಲವತ್ನಾಲ್ಕು. ಬೈಗುಳ ಬಾಯಲ್ಲೇ ನಿಂತಿತು. ಅಂಗಿಯ ಅಳತೆಯನ್ನು ಯಾರಾದರೂ ಉದ್ದದಿಂದ ಶುರು ಮಾಡುತ್ತಾರೆ. ಉದ್ದ, ಭುಜ, ತೋಳು, ಎದೆ, ಸೊಂಟ, ಕೊನೆಗೆ ಕುತ್ತಿಗೆ. ನಾನು ಕಲಿಸಿದ್ದು ಹಾಗೆ, ನನಗೆ ಕಲಿಸಿದವರು ಕಲಿಸಿದ್ದೂ ಹಾಗೆ. ಇವನೊಬ್ಬ ಮಾತ್ರ ಕುತ್ತಿಗೆಯಿಂದ ಶುರು ಮಾಡುತ್ತಿದ್ದ. ಕುತ್ತಿಗೆಗೆ ಟೇಪು ಬಿದ್ದರೆ ಗಿರಾಕಿ ಅಲ್ಲಾಡಲ್ಲ ಅಕ್ಕಾ ಎನ್ನುತ್ತಿದ್ದ. ಆ ಚಾಳಿ ಬಿಡಿಸಲು ಮರದ ಸ್ಕೇಲಿನಿಂದ ಮೊಣಕೈಗೆ ಎಷ್ಟು ಸಲ ಕೊಟ್ಟಿದ್ದೆನೋ. ಬಿಟ್ಟಿರಲಿಲ್ಲ. ನಾನು ಒಂದೂ ಮಾತಾಡದೆ ಎದ್ದು ಬಂದೆ. ಅಕ್ಕ ಬಾಯಿ ಮುಚ್ಚಿಕೊಂಡು ಹೋದದ್ದು ಕಂಡು ಅವನಿಗೆ ಆಶ್ಚರ್ಯವಾಗಿರಬೇಕು.

ವಕೀಲನ ಹತ್ತಿರ ಪೊಲೀಸರ ಪುಸ್ತಕದ ಪ್ರತಿ ಇತ್ತು. ಇಸಿದುಕೊಂಡು ನೋಡಿದರೆ ನೂರ ನಲವತ್ತು ಪುಟ, ಪ್ರತಿ ಸಾಲೂ ಕುತ್ತಿಗೆಯಿಂದ ಶುರು. ಬರಹ ನನ್ನ ಮಗಳದು, ಬಾಯಿ ನನ್ನ ತಮ್ಮನದು. ವಕೀಲ ಮೂಗು ಒರೆಸುವುದನ್ನೂ ಮರೆತು ಕೇಳಿಸಿಕೊಂಡ. ನಿಮ್ಮ ಅಂಗಡಿಯಲ್ಲಿ ಮಗಳು ತಾನೇ ಅಳತೆ ತೆಗೆದು ಬರೆದ ಹಳೆಯ ಪುಸ್ತಕಗಳನ್ನೆಲ್ಲ ತೆಗೆದಿಡಿ ಎಂದ. ಆಮೇಲೆ ಬೆರಳೆತ್ತಿ ಹೇಳಿದ, ಕೋರ್ಟಿನಲ್ಲಿ ಕೇಳಿದ್ದಕ್ಕೆ ಹೌದು ಅನ್ನಿ, ಇಲ್ಲ ಅನ್ನಿ, ಗೊತ್ತಿಲ್ಲ ಅನ್ನಿ, ನಾಲ್ಕನೆಯ ಮಾತು ಬೇಡ. ಆಯಿತಪ್ಪ ಎಂದೆ.

ಮಗಳು ಜಾಮೀನಿನ ಮೇಲೆ ಮನೆಯಲ್ಲೇ ಇದ್ದಳು. ನನ್ನ ಜೊತೆ ಮಾತಿಲ್ಲ. ಕಿಟಕಿಯ ಹತ್ತಿರ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕೊಡು ಎಂದರೆ ಕೊಟ್ಟಳು, ಯಾಕೆ ಎಂದು ಕೇಳಲಿಲ್ಲ.

ಸಾಕ್ಷಿಯ ಹಿಂದಿನ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಆ ಪ್ರತಿಯ ನಲವತ್ತನೇ ಪುಟ ಕಣ್ಣಿಗೆ ಬಿತ್ತು. ಕುತ್ತಿಗೆ ಇಪ್ಪತ್ತೇಳು, ಭುಜ ಹನ್ನೊಂದು, ಎದೆ ಇಪ್ಪತ್ತು, ತೋಳು ನಲವತ್ತು. ಕೈ ಸುಮ್ಮನಿರಲಿಲ್ಲ. ಟೇಬಲ್ಲಿನ ಮೇಲೆ ಕಂದು ಕಾಗದ ಹರಡಿ, ಚಾಕ್ ಹಿಡಿದು ಆ ಅಳತೆಗೇ ಅಂಗಿ ಬರೆದೆ. ಕಾಲರಿನ ಸುತ್ತು ಎರಡೂ ಭುಜವನ್ನು ನುಂಗಿ ಕಾಗದದ ಅಂಚಿನಿಂದ ಆಚೆ ಹೋಯಿತು. ಎದೆಗಿಂತ ಕುತ್ತಿಗೆ ದಪ್ಪ. ತೋಳು ಇಳಿದು ಇಳಿದು ಮೊಣಕಾಲು ಮುಟ್ಟಿತು. ಮೊದಲು ನಗು ಬಂತು. ಇಂಥ ಮನುಷ್ಯನನ್ನು ಯಾವ ತಾಯಿ ಹೆತ್ತಾಳು!

ಆಮೇಲೆ ನಗು ನಿಂತಿತು. ನನಗೆ ನಾಲ್ಕು ಗೆರೆ ಎಳೆಯಬೇಕಾಯಿತು. ನನ್ನ ಮಗಳಿಗೆ ಗೆರೆಯೂ ಬೇಕಾಗಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವ ಗಂಡಸನ್ನು ನೋಡಿ, ಎಡ ಭುಜ ಅರ್ಧ ಇಂಚು ಇಳಿದಿದೆ ಅಮ್ಮ ಎನ್ನುವವಳು ಅವಳು. ಅಂಥವಳು ನೂರ ನಲವತ್ತು ಪುಟ ಈ ರಾಕ್ಷಸರನ್ನು ಬರೆದಿದ್ದಾಳೆ. ನಾನು ಕಾಗದವನ್ನು ಮುದುರಿ, ಇಸ್ತ್ರಿಯ ಒಲೆಗೆ ಹಾಕಿ, ಬೂದಿಯಾಗುವವರೆಗೆ ನೋಡುತ್ತ ನಿಂತೆ. ಮನೆಗೆ ಹೋಗಿ ಅವಳನ್ನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂದು ಹೆದರಿದೆ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ, ಅಷ್ಟೇ. ಸಾಬೀತು ಮಾಡಬೇಕಾದವರು ಅವರು, ನಾನಲ್ಲ.

ಕೋರ್ಟಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಒಂದು ಫ್ಯಾನು, ಫೈಲುಗಳ ಗುಡ್ಡ, ಆಡಿದ ಮಾತನ್ನೆಲ್ಲ ಟಕಟಕ ಟೈಪು ಮಾಡುವ ಒಬ್ಬಳು. ಜಡ್ಜು ನನ್ನ ವಯಸ್ಸಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ತಮ್ಮ ಮತ್ತು ಮಗಳು ಒಂದೇ ಬೆಂಚಿನಲ್ಲಿ, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು.

ನಮ್ಮ ವಕೀಲ ಕೇಳಿದ, ನಾನು ಹೇಳಿದೆ. ಮಗಳ ಹಳೆಯ ಹನ್ನೊಂದು ಪುಸ್ತಕ ಜಡ್ಜಮ್ಮನ ಮುಂದಿಟ್ಟೆ, ಎಲ್ಲ ಉದ್ದದಿಂದ ಶುರು. ತಮ್ಮನ ಗಿರಾಕಿಗಳಿಂದ ಇಸಿದುಕೊಂಡ ಅವನ ಅಂಗಡಿಯ ಆರ್ಡರ್ ಚೀಟಿಗಳು, ಅವನದೇ ಕೈಬರಹ, ಎಲ್ಲ ಕುತ್ತಿಗೆಯಿಂದ ಶುರು. ಪೊಲೀಸರು ಹಿಡಿದ ಪುಸ್ತಕ, ಮಗಳ ಕೈಬರಹ, ಆದರೆ ಕುತ್ತಿಗೆಯಿಂದ ಶುರು. ಈ ಊರಿನಲ್ಲಿ ಇನ್ಯಾರು ಹೀಗೆ ಅಳತೆ ತೆಗೆಯುತ್ತಾರೆ ಎಂದು ಕೇಳಿದ. ಯಾರೂ ಇಲ್ಲ, ಹೊಡೆದರೂ ಅವನು ಬಿಡಲಿಲ್ಲ ಎಂದೆ. ಜಡ್ಜಮ್ಮ ಮೂರನ್ನೂ ಪಕ್ಕಪಕ್ಕ ಇಟ್ಟು ಪುಟ ತಿರುವಿದರು. ಅವರು ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಪಾಟೀಸವಾಲಿಗೆ ತಮ್ಮನ ವಕೀಲ ಎದ್ದ. ಎಳ್ಳೆಣ್ಣೆಯಂಥ ದನಿ, ಮೈಗೆ ಹೊಂದದ ಕೋಟು, ಬೆನ್ನಿನಲ್ಲಿ ಸುಕ್ಕು. ಆ ಸುಕ್ಕು ನೋಡಿಯೇ ನನಗೆ ಅರ್ಧ ಸಿಟ್ಟು ಬಂದಿತ್ತು. ಕೂಗಿದ್ದು ನನ್ನ ಕಕ್ಷಿದಾರನೇ ಎಂದುಕೊಳ್ಳೋಣ ಅಮ್ಮ, ಗಿರಾಕಿಗಳ ನಿಜವಾದ ಅಳತೆಯನ್ನೇ ಅವರು ಕೂಗಿದರು, ನಿಮ್ಮ ಮಗಳು ತನ್ನ ಲೆಕ್ಕ ಬರೆದುಕೊಂಡಳು ಎಂದರೆ ಎಂದ. ಇಲ್ಲ ಎಂದೆ. ತಮ್ಮನ ಮೇಲೆ ನಿಮಗೆ ಹಗೆ ಇದೆ ಅಲ್ಲವೇ ಎಂದ. ಹೌದು ಎಂದೆ. ಜನ ನಕ್ಕರು. ನಿಮ್ಮ ಗಿರಾಕಿಗಳೆಲ್ಲ ಅವರ ಅಂಗಡಿಗೆ ಹೋದರು ಎಂಬ ಹೊಟ್ಟೆಕಿಚ್ಚೇ ಎಂದ. ಅಲ್ಲ ಎಂದೆ. ಇಲ್ಲಿಯವರೆಗೆ ವಕೀಲ ಹೇಳಿಕೊಟ್ಟ ಹಾಗೇ ನಡೆದೆ.

ಆಮೇಲೆ ಅವನು ದನಿ ಇಳಿಸಿದ. ಮುಖದಲ್ಲಿ ಅನುಕಂಪ ಹಚ್ಚಿಕೊಂಡ. ನಿಮ್ಮ ಮಗಳ ಬಗ್ಗೆ ನನಗೂ ಪಾಪ ಅನ್ನಿಸುತ್ತದೆ ಎಂದ. ಕೆಲಸ ಸರಿಯಾಗಿ ಕಲಿಯಲಿಲ್ಲ, ತಾಯಿಯ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ, ಮಾವ ಕನಿಕರಪಟ್ಟು ಬರೆಯುವ ಕೆಲಸಕ್ಕೆ ಇಟ್ಟುಕೊಂಡರು, ಅಲ್ಲವೇ ಎಂದ. ನಾನು ಕಟಕಟೆಯ ಅಡ್ಡಪಟ್ಟಿಯನ್ನು ಹಿಡಿದುಕೊಂಡೆ.

"ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ," ಎಂದ. "ಆದರೂ ಪ್ರಮಾಣ ಮಾಡಿದ್ದೀರಿ, ಒಪ್ಪಿಕೊಳ್ಳಿ. ಅಳತೆಗೂ ಅಂಕಿಗೂ ವ್ಯತ್ಯಾಸ ತಿಳಿಯದ ದಡ್ಡಿ ಆಕೆ. ಅಲ್ಲವೇ?"

ಹೌದು ಎಂದರೆ ಮುಗಿದಿತ್ತು, ಅವಳಿಗೆ ಏನೂ ಗೊತ್ತಿರಲಿಲ್ಲ ಎಂದಾಗುತ್ತಿತ್ತು. ಬರೀ ಎರಡಕ್ಷರ. ನಮ್ಮ ವಕೀಲ ನನ್ನನ್ನೇ ನೋಡುತ್ತ, ಕತ್ತು ಮೇಲೆ ಕೆಳಗೆ ಆಡಿಸುತ್ತಿದ್ದ. ಎಲ್ಲ ಕಂಡಿತು. ಆದರೆ ನನ್ನ ಕಿವಿಯಲ್ಲಿ ದಡ್ಡಿ ಎನ್ನುವುದೊಂದೇ ಗುಂಯ್‌ಗುಟ್ಟುತ್ತಿತ್ತು. ಆ ಕೆಟ್ಟ ಕೋಟಿನವನು, ನನ್ನ ಮಗಳನ್ನು, ತುಂಬಿದ ಕೋಣೆಯಲ್ಲಿ!

"ಯಾರನ್ನ ದಡ್ಡಿ ಅಂತೀಯಾ?" ಎಂದೆ. "ನಿನ್ನ ಕೋಟು ಹೊಲಿದವನು ದಡ್ಡ. ನನ್ನ ಮಗಳು ಬೀದಿಯಾಚೆ ನಿಂತು ಕಣ್ಣಲ್ಲೇ ಅಳತೆ ಹೇಳ್ತಾಳೆ. ಅರ್ಧ ಇಂಚು ಹೆಚ್ಚುಕಡಿಮೆ ಇದ್ರೂ ಅವಳಿಗೆ ತಿಳಿಯುತ್ತೆ. ನನಗಿಂತ ಒಳ್ಳೆ ಕೈ ಅವಳದು. ಅವಳಂಥ ಕಟಿಂಗ್ ಮಾಡೋರು ಈ ಊರಲ್ಲಿ ಇನ್ನೊಬ್ಬರಿಲ್ಲ, ತಿಳ್ಕೋ."

ಟಕಟಕ ನಿಂತಿತು. ಆ ಮನುಷ್ಯ ಇದಕ್ಕೇ ಕಾದಿದ್ದವನಂತೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಲವತ್ತನೇ ಪುಟ ತೆಗೆದು, ಮೆಲ್ಲಗೆ ಓದಿದ. ಕುತ್ತಿಗೆ ಇಪ್ಪತ್ತೇಳು. ಎದೆ ಇಪ್ಪತ್ತು. ಇಂಥ ಮನುಷ್ಯ ಇರಲು ಸಾಧ್ಯವೇ ಎಂದು ಕೇಳಿದ. ಅರ್ಧ ಇಂಚು ತಿಳಿಯುವವಳಿಗೆ ಇದು ತಿಳಿಯಲಿಲ್ಲವೇ ಎಂದು ಕೇಳಿದ. ಗೊತ್ತಿಲ್ಲ ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಜಡ್ಜಮ್ಮ ಕನ್ನಡಕ ತೆಗೆದು, ಇದು ಸಾಕ್ಷಿ ಹೇಳಿದ ಮಾತೇ, ಪೂರ್ತಿ ಬಂದಿದೆಯೇ ಎಂದು ಟೈಪು ಮಾಡುವವಳನ್ನು ವಿಚಾರಿಸಿದರು. ಬಂದಿದೆ ಎಂದಳು ಅವಳು.

ನಮ್ಮ ವಕೀಲ ಮತ್ತೆ ಎದ್ದು ಏನೇನೋ ಕೇಳಿದ. ಮಗಳು ವಿಧೇಯಳಲ್ಲವೇ, ಮಾವ ಹೇಳಿದರೆ ಎದುರಾಡುವವಳಲ್ಲ ಅಲ್ಲವೇ. ನಾನು ಹೌದು ಹೌದು ಎಂದೆ. ಯಾರೂ ಬರೆದುಕೊಳ್ಳುವ ಅವಸರ ತೋರಿಸಲಿಲ್ಲ. ಸರಕಾರದ ವಕೀಲ, ಆ ವಿಷಯಕ್ಕೆ ಇಲ್ಲಿಯವರೆಗೆ ಏನೂ ಸಾಕ್ಷಿಯಿಲ್ಲದೆ ಕೂತಿದ್ದವನು, ಪೆನ್ನಿನ ಮುಚ್ಚಳ ತೆಗೆದು ಒಂದು ಸಾಲು ಬರೆದುಕೊಂಡ. ಮಾತು ಆಡಿದರೆ ಹೋಯಿತು ಎಂದು ನಮ್ಮಮ್ಮ ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನನಗೇನು, ಕಿವಿ ಇತ್ತೇ?

ತೀರ್ಪು ಬಂದದ್ದು ಇಪ್ಪತ್ತು ದಿನದ ಮೇಲೆ. ಕುತ್ತಿಗೆಯಿಂದ ಶುರುವಾಗುವ ಅಳತೆ ಮೊದಲನೇ ಆರೋಪಿಯದೇ ಎಂದು ನ್ಯಾಯಾಲಯ ನಂಬಿದೆ, ಅವನಿಗೆ ಎರಡು ವರ್ಷ. ಎರಡನೇ ಆರೋಪಿಗೆ ಅರಿವಿರಲಿಲ್ಲ ಎಂಬ ವಾದವನ್ನು ಆಕೆಯ ತಾಯಿಯ ಸಾಕ್ಷ್ಯವೇ ಅಲ್ಲಗಳೆಯುತ್ತದೆ, ಅವಳಿಗೆ ಒಂದು ವರ್ಷ. ಅಲ್ಲಗಳೆಯುತ್ತದೆ ಎನ್ನುವ ಪದವನ್ನು ಜಡ್ಜಮ್ಮ ನನ್ನ ಕಡೆ ನೋಡದೆ ಓದಿದರು. ತಮ್ಮ ನನ್ನ ಕಡೆ ತಿರುಗಿ, ಎದ್ದು ಹೋಗುವಾಗ, ತೃಪ್ತಿಯಾಯ್ತಾ ಅಕ್ಕಾ ಎಂದ. ಅವನಿಗೆ ಉಗಿಯಲು ಕೂಡ ಬಾಯಲ್ಲಿ ಪಸೆ ಇರಲಿಲ್ಲ.

ಮಗಳನ್ನು ಕರೆದುಕೊಂಡು ಹೋಗುವ ಗಾಡಿ ತಡವಾಗಿತ್ತು. ಹೊರಗಿನ ಪಡಸಾಲೆಯ ಬೆಂಚಿನಲ್ಲಿ ಅವಳನ್ನು ಕೂರಿಸಿ, ಐದು ನಿಮಿಷ ಎಂದು ಪೊಲೀಸಮ್ಮ ನನ್ನನ್ನು ಪಕ್ಕಕ್ಕೆ ಬಿಟ್ಟಳು. ಏನು ಹೇಳಲಿ? ಬಟ್ಟೆ ತಂದುಕೊಡುತ್ತೇನೆ ಎಂದೆ. ಅಪೀಲು ಹಾಕುತ್ತೇವೆ, ಮನೆ ಮಾರಿಯಾದರೂ ಹಾಕುತ್ತೇವೆ ಎಂದೆ. ಆ ವಕೀಲನ ಮನೆ ಹಾಳಾಗ, ನನ್ನ ನಾಲಿಗೆ ಸೀದುಹೋಗ ಎಂದೆ. ಅವಳು ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ, ನನ್ನದರ ಹಾಗೆಯೇ.

"ನನಗೆ ಗೊತ್ತಿತ್ತಮ್ಮ," ಎಂದಳು. "ಮೂರನೇ ದಿನಕ್ಕೇ ಗೊತ್ತಾಯ್ತು. ಬಿಟ್ಟು ಬರೋಣ ಅಂದ್ಕೊಂಡೆ. ಆದ್ರೆ ಮಾವ ದಿನಾ ಬಂದವರ ಮುಂದೆಲ್ಲ ಹೇಳ್ತಿದ್ದ, ನನ್ನ ಸೊಸೆ ಕೈ ನೋಡಿ, ಚಿನ್ನದಂಥ ಕೈ ಅಂತ. ಅದನ್ನ ಕೇಳೋಕೆ ಉಳ್ಕೊಂಡೆ."

ನಾನು ಏನೋ ಹೇಳಲು ಹೋದೆ. ಅವಳು ನಿಲ್ಲಿಸಲಿಲ್ಲ.

"ಹದಿನೈದು ವರ್ಷ ನಿನ್ನ ಟೇಬಲ್ ಹಿಂದೆ ನಿಂತೆ. ಹೊಲಿದಿದ್ದನ್ನ ನೀನು ಬಿಚ್ಚಿ ಎಸೆದಿದ್ದೇ ನೋಡಿದೀನಿ. ನಿನ್ನ ಕೈ ಚೆನ್ನಾಗಿದೆ ಅಂತ ಒಂದೇ ಒಂದು ಸಲ ನೀನು ಅಂದಿದ್ದು ಅಲ್ಲಿ, ಕಟಕಟೇಲಿ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ ಅಮ್ಮ? ಸಿಕ್ಕಿಬಿದ್ದೆ ಅಂತ ಆಮೇಲೆ ಹೊಳೀತು."

ಗಾಡಿ ಬಂತು. ಪೊಲೀಸಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಇಡೀ ಬೀದಿಯನ್ನು ಬಾಯಲ್ಲೇ ಆಳಿದವಳು ನಾನು. ಅವಳ ತೋಳಿಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದೆ, ಅಷ್ಟೇ. ಮಗಳು ಗಾಡಿ ಹತ್ತಿ ಒಳಗಿನ ಸೀಟಿನಲ್ಲಿ ಕೂತಳು, ಬಾಗಿಲು ಹಾಕಿದರು, ನಾನು ಗೇಟಿನವರೆಗೆ ಅದರ ಹಿಂದೆ ನಡೆದೆ.